ಕಾಲುವೆ ಸೀಮೆಯಲ್ಲಿ ಕಲಿತ ಸುತ್ತಿನ ಲೆಕ್ಕ

ಟ್ರ್ಯಾಕ್ ಸೈಕ್ಲಿಂಗ್‌ನ ವೈಯಕ್ತಿಕ ಪರ್ಸ್ಯೂಟ್ ವಿಭಾಗದಲ್ಲಿ ನಾನು ಭಾರತದ ಪರವಾಗಿ ಸ್ಪರ್ಧಿಸಿದ್ದೇನೆ. ಅದರ ಬಹುಪಾಲು ತಯಾರಿ ನಡೆದದ್ದು ಕೊಪ್ಪಳ ಜಿಲ್ಲೆಯ ಗಂಗಾವತಿ–ಕಾರಟಗಿ ರಸ್ತೆಯಲ್ಲಿ.

ಪರ್ಸ್ಯೂಟ್‌ನಲ್ಲಿ ಇಬ್ಬರು ಸ್ಪರ್ಧಿಗಳು 250 ಮೀಟರ್ ಟ್ರ್ಯಾಕಿನ ಎದುರುಬದುರು ಬದಿಗಳಿಂದ ಒಮ್ಮೆಲೇ ಹೊರಡುತ್ತಾರೆ. ಎದುರಾಳಿಯನ್ನು ನೋಡುತ್ತ ತುಳಿಯುವ ಆಟ ಇದಲ್ಲ. ಪ್ರತಿ ಸುತ್ತಿನ ಸಮಯವನ್ನು ಕಾಯ್ದುಕೊಂಡವರೇ ಗೆಲ್ಲುತ್ತಾರೆ. ಆಗ ಮಹಿಳೆಯರಿಗೆ 3 ಕಿ.ಮೀ., ಅಂದರೆ 12 ಸುತ್ತು ಇತ್ತು. ನಿಂತಲ್ಲಿಂದ ಹೊರಡುವ ಮೊದಲ ಸುತ್ತಿಗೆ 25 ಸೆಕೆಂಡು ಹೋದರೂ ಉಳಿದವನ್ನು ತಲಾ 20 ಸೆಕೆಂಡಿನಲ್ಲಿ ಮುಗಿಸುವುದು ನನ್ನ ಆರಂಭದ ಗುರಿಯಾಗಿತ್ತು.

ಊರಿನಲ್ಲಿ ವೆಲೋಡ್ರೋಮ್, ಅಂದರೆ ಸೈಕಲ್ ಸ್ಪರ್ಧೆಯ ಟ್ರ್ಯಾಕ್, ಇಲ್ಲದ ಕಾರಣ ಸುತ್ತನ್ನು ಪೆಡಲಿನ ಲೆಕ್ಕಕ್ಕೆ ತಂದುಕೊಂಡೆ. ಮುಂದೆ 52, ಹಿಂದೆ 14 ಹಲ್ಲುಗಳ ಗೇರಿನಲ್ಲಿ ಪೆಡಲ್ ಒಮ್ಮೆ ತಿರುಗಿದರೆ ಸೈಕಲ್ ಸುಮಾರು 7.8 ಮೀಟರ್ ಸಾಗುತ್ತದೆ; 32 ಸಲ ತಿರುಗಿದರೆ ಒಂದು ಸುತ್ತಾಯಿತು. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲವಾದ್ದರಿಂದ ಅದನ್ನು ಮನೆಯಲ್ಲಿ ನಿಂತಲ್ಲೇ ತುಳಿಯಲು ಬಳಸುವ ರೋಲರ್ ಮೇಲಷ್ಟೇ ಓಡಿಸಿ, ರಸ್ತೆಗೆ ಬ್ರೇಕಿರುವ ಸೈಕಲ್ಲನ್ನು ಅದೇ ಗೇರಿಗೆ ಹಾಕಿಕೊಂಡು ಹೋಗುತ್ತಿದ್ದೆ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ, ಸುಗ್ಗಿಯಲ್ಲಿ ರೈತರು ರಸ್ತೆಯ ಮೇಲೆ ಭತ್ತ ಹರವುವ ಮುನ್ನ ಅಭ್ಯಾಸ ಮುಗಿಯಬೇಕಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಈ ಸಮತಟ್ಟು ಸೀಮೆ ಒಂದೇ ಲಯದಲ್ಲಿ ತುಳಿಯುವುದನ್ನು ಕಲಿಯಲು ಬಹಳ ಅನುಕೂಲ ಎಂದು ಈಗಲೂ ನಂಬಿದ್ದೇನೆ.

ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಮರದ ಟ್ರ್ಯಾಕಿನಲ್ಲಿ ಕಲಿಯಬೇಕಾದದ್ದು ಬೇರೆಯೇ ಇತ್ತು. ತಿರುವುಗಳು 40 ಡಿಗ್ರಿಗೂ ಹೆಚ್ಚು ವಾಲಿರುವುದರಿಂದ ವೇಗ ತಗ್ಗಿದರೆ ಟೈರು ಜಾರುತ್ತದೆ, ಚಕ್ರದೊಂದಿಗೇ ಪೆಡಲ್ ತಿರುಗುವುದರಿಂದ ಕಾಲು ನಿಲ್ಲಿಸುವಂತೆಯೂ ಇಲ್ಲ. ದೂರ ಅಳೆಯುವ ಕಪ್ಪು ಗೆರೆಯಿಂದ ಮೇಲಕ್ಕೆ ಸರಿದಷ್ಟೂ ಹೆಚ್ಚು ದೂರ ತುಳಿಯಬೇಕಾಗುತ್ತದೆ. ಟ್ರ್ಯಾಕಿನ ಅಂಚಿನಲ್ಲಿ ನಿಂತ ಕೋಚ್, ನಾನು ನಿಗದಿತ ಸಮಯಕ್ಕಿಂತ ಮುಂದಿದ್ದರೆ ಸುತ್ತು ಮುಗಿಯುವ ಗೆರೆಯ ಒಂದು ಬದಿಗೆ, ಹಿಂದುಳಿದರೆ ಇನ್ನೊಂದು ಬದಿಗೆ ಹೆಜ್ಜೆ ಸರಿಸಿ ತೋರಿಸುತ್ತಿದ್ದರು. ಉಸಿರಿನ ಸದ್ದಿನಲ್ಲಿ ಬೇರೆ ಮಾತು ಕಿವಿಗೆ ಬೀಳದು.

ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಎರಡು, ಮೂರನೆಯ ಸುತ್ತುಗಳೇ ನಿಜವಾದ ಪರೀಕ್ಷೆ. ಆಗ 18 ಸೆಕೆಂಡು ಸುಲಭವೆನಿಸುತ್ತದೆ. ಆ ಆಸೆಗೆ ಬಿದ್ದರೆ ಒಂಬತ್ತನೆಯ ಸುತ್ತಿಗೆ ತೊಡೆಗಳು ಸೋಲುತ್ತವೆ. 2020ರಲ್ಲಿ ಬರ್ಲಿನ್‌ನಲ್ಲಿ ಅಮೆರಿಕದ ಕ್ಲೋಯಿ ಡೈಗರ್ಟ್ 3 ನಿಮಿಷ 16.937 ಸೆಕೆಂಡುಗಳ ವಿಶ್ವದಾಖಲೆ ಬರೆದರು, ಅಂದರೆ ಸುತ್ತಿಗೆ ಸರಾಸರಿ 16.4 ಸೆಕೆಂಡು. ನಮ್ಮ ಹುಡುಗಿಯರು ಕ್ರಮಿಸಬೇಕಾದ ಅಂತರ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

2025ರಿಂದ ಮಹಿಳೆಯರ ಪರ್ಸ್ಯೂಟ್ ಕೂಡ ಪುರುಷರಂತೆ 4 ಕಿ.ಮೀ. ಆಗಿದೆ, ತಡವಾದರೂ ನ್ಯಾಯವಾದ ನಿರ್ಧಾರವಿದು. ನನ್ನೊಂದಿಗೆ ಅಭ್ಯಾಸಕ್ಕೆ ಬರುವ ಹುಡುಗಿಯರಿಗೆ ಈಗ 16 ಸುತ್ತುಗಳ ಲೆಕ್ಕ ಹಾಕಿಕೊಡುತ್ತಿದ್ದು, ಗೇರನ್ನು ಬದಲಿಸದೆ ಮೊದಲ ಅರ್ಧವನ್ನು ಸುತ್ತಿಗೆ ಅರ್ಧ ಸೆಕೆಂಡು ನಿಧಾನಗೊಳಿಸಿದ್ದೇನೆ.