ಸಂಜೆಗಡಲಿಗೆ ನಾಲ್ಕು ನಿಮಿಷದ ಎಕ್ಸ್‌ಪೋಷರ್

ಕಡಲು ಹಾಲು ಚೆಲ್ಲಿದಂತೆ, ಮೋಡ ಬಾಚಣಿಗೆ ಆಡಿಸಿದಂತೆ ಕಾಣುವ ಫೋಟೊಗಳಲ್ಲಿ ಷಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ಎರಡರಿಂದ ಐದು ನಿಮಿಷ ತೆರೆದೇ ಇರುತ್ತದೆ. ಷಟರ್ ತೆರೆದ ಮೇಲೆ ಮಾಡುವ ಕೆಲಸ ಹೆಚ್ಚೇನಿಲ್ಲ. ಕೆಡುವ ಫೋಟೊ ಬಹುಮಟ್ಟಿಗೆ ಅದಕ್ಕೆ ಮೊದಲೇ ಕೆಟ್ಟಿರುತ್ತದೆ. ಸೂರ್ಯ ಮುಳುಗುವ ಹೊತ್ತಿನಲ್ಲಿ ಒಂದು ಫ್ರೇಮ್ ಹಾಳಾದರೆ ಮತ್ತೊಂದಕ್ಕೆ ಅದೇ ಬೆಳಕು ಸಿಗದು. ಹಾಗಾಗಿ ಉಳ್ಳಾಲದ ಸೋಮೇಶ್ವರದಂಥ ಬಂಡೆಗಳ ದಡಕ್ಕೆ ಸೂರ್ಯ ಮುಳುಗುವ ಮುಕ್ಕಾಲು ಗಂಟೆ ಮೊದಲೇ ಹೋಗಿ ನಿಲ್ಲಬೇಕು.

ಬೇಕಾದದ್ದು: ಗಟ್ಟಿ ಟ್ರೈಪಾಡ್, ಲಾಕ್ ಆಗುವ ಕೇಬಲ್ ರಿಮೋಟ್, ಪೂರ್ತಿ ಚಾರ್ಜ್ ಆದ ಬ್ಯಾಟರಿ, ಒಣ ಮೈಕ್ರೋಫೈಬರ್ ಬಟ್ಟೆ ಎರಡು, ಮತ್ತೆ 10 ಸ್ಟಾಪಿನ ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಕಪ್ಪು ಗಾಜು. ಫಿಲ್ಟರಿನ ಮೇಲೆ ಎನ್‌ಡಿ1000 ಎಂದಿರಬಹುದು, 3.0 ಎಂದಿರಬಹುದು, ಎರಡೂ ಅದೇ. ತಿರುಗಿಸಿ ಕಪ್ಪು ಹೆಚ್ಚಿಸುವ ವೇರಿಯಬಲ್ ಎನ್‌ಡಿ ಈ ಕೆಲಸಕ್ಕೆ ಬೇಡ. ತುದಿಯವರೆಗೆ ತಿರುಗಿಸಿದರೆ ಆಕಾಶದಲ್ಲಿ ಗುಣಾಕಾರದ ಚಿಹ್ನೆಯಂತೆ ಕಪ್ಪು ಪಟ್ಟೆ ಬೀಳುತ್ತದೆ, ಅದನ್ನು ಆಮೇಲೆ ತೆಗೆಯುವುದು ಕಷ್ಟ.

ಲೆಕ್ಕ ಸುಲಭ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ. ಹತ್ತು ಸಲ ಅರ್ಧ ಮಾಡಿದರೆ 1024ರಲ್ಲಿ ಒಂದು ಪಾಲು. ಫಿಲ್ಟರ್ ಇಲ್ಲದೆ ಬಂದ ಷಟರ್ ವೇಗವನ್ನು (ಷಟರ್ ತೆರೆದಿರುವ ಹೊತ್ತನ್ನು) 1024ರಿಂದ ಗುಣಿಸಿ. 1/60 ಸೆಕೆಂಡ್ ಇದ್ದದ್ದು ಸುಮಾರು 17 ಸೆಕೆಂಡ್ ಆಗುತ್ತದೆ, 1/15 ಇದ್ದದ್ದು 68 ಸೆಕೆಂಡ್, 1/4 ಇದ್ದದ್ದು 4 ನಿಮಿಷ 16 ಸೆಕೆಂಡ್. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/11 ಇಟ್ಟರೆ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಈ 1/4ರ ಆಸುಪಾಸಿಗೆ ಬರುತ್ತೀರಿ. ಫಿಲ್ಮಿನಲ್ಲಿ ಹೊತ್ತು ಉದ್ದವಾದಂತೆ ಇನ್ನಷ್ಟು ಸಮಯ ಕೂಡಿಸಬೇಕಿತ್ತು, ಡಿಜಿಟಲ್ ಸೆನ್ಸರಿಗೆ ಆ ಕಾಟವಿಲ್ಲ. ಆದರೆ ಸಂಜೆಯ ಬೆಳಕು ನಿಮ್ಮ ಲೆಕ್ಕಕ್ಕೆ ಕಾಯುವುದಿಲ್ಲ. ನಾಲ್ಕು ನಿಮಿಷದಲ್ಲಿ ಅದೂ ಇಳಿದಿರುತ್ತದೆ, ಹಾಗಾಗಿ ಲೆಕ್ಕಕ್ಕಿಂತ ಒಂದೂವರೆ ಪಟ್ಟು ಹೊತ್ತು ಬಿಡಿ. ಬೆಳಗಿನ ಜಾವದಲ್ಲಿ ಇದು ತಿರುಗುಮುರುಗು. ಫಿಲ್ಟರಿನ ಮೇಲೆ ಬರೆದ ಹತ್ತು ಸ್ಟಾಪ್ ನಿಜಕ್ಕೂ ಒಂಬತ್ತೂವರೆಯೋ ಹತ್ತೂವರೆಯೋ ಇರಬಹುದು. ಮನೆಯಲ್ಲೇ, ಬೆಳಕು ಬದಲಾಗದ ಗೋಡೆಯೆದುರು ಒಮ್ಮೆ ಪರೀಕ್ಷಿಸಿ ಡಬ್ಬಿಯ ಮೇಲೆ ಬರೆದಿಡಿ.

ಇನ್ನು ಕ್ರಮ. ಮೊದಲು ಟ್ರೈಪಾಡ್, ಏಕೆಂದರೆ ಕಡಲ ದಡದಲ್ಲಿ ಹೆಚ್ಚು ಮೋಸ ಮಾಡುವುದು ಅದೇ. ಒದ್ದೆ ಮರಳಿನಲ್ಲಿ ಕಾಲು ಗಟ್ಟಿಯಾಗಿ ನಿಂತಂತೆಯೇ ಕಾಣುತ್ತದೆ. ಅಲೆ ಹಿಂದೆ ಸರಿಯುವಾಗ ಕಾಲಿನ ಸುತ್ತಲಿನ ಮರಳನ್ನು ಗುಳಿ ತೋಡಿದಂತೆ ಎಳೆದುಕೊಂಡು ಹೋಗುತ್ತದೆ, ಕಾಲು ಕೂದಲೆಳೆಯಷ್ಟು ಕುಸಿಯುತ್ತದೆ. ಬಂಡೆಯ ಅಂಚು ಎರಡೆರಡಾಗಿ ಬರಲು ಅಷ್ಟು ಸಾಕು. ಕಾಲುಗಳನ್ನು ಒಂದೊಂದಾಗಿ ಬಲವಾಗಿ ಒತ್ತಿ, ಮೂರು ನಾಲ್ಕು ಅಲೆ ಬಂದುಹೋಗಲು ಬಿಟ್ಟು, ಮತ್ತೆ ಒತ್ತಿ. ಬಂಡೆ ಸಿಕ್ಕರೆ ಮರಳಿನ ಗೋಜೇ ಬೇಡ. ನಡುವಿನ ಕಂಬ ಎತ್ತಬೇಡಿ, ಗಾಳಿಗೆ ಪಟಪಟ ಬಡಿಯುವ ಕ್ಯಾಮೆರಾ ಪಟ್ಟಿಯನ್ನು ಬಿಚ್ಚಿಬಿಡಿ. ಹಾಗೆಯೇ ಕೈನಡುಕ ತಡೆಯುವ ಸ್ಟೆಬಿಲೈಸೇಷನ್ ಆಫ್ ಮಾಡಿ, ಫೈಲ್ ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇರಲಿ.

ಆಮೇಲೆ ಫ್ರೇಮ್ ನೋಡಿ, ಬಂಡೆಗೆ ಆಟೋಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಬದಲಿಸಿ. ಫಿಲ್ಟರ್ ಹಾಕುವುದು ಇದಾದ ಮೇಲೆ. ಹಾಕಿದ ಮೇಲೆ ಕ್ಯಾಮೆರಾ ಕುರುಡಾದಂತೆ ತಡಕಾಡುತ್ತದೆ. ಅದಕ್ಕೂ ಮುಂಚೆ ಒಂದು ಮಾದರಿ ಶಾಟ್ ತೆಗೆದು, ಹಿಸ್ಟೋಗ್ರಾಮ್ ಎಂಬ ಬೆಳಕಿನ ನಕ್ಷೆಯ ಬಲತುದಿ ಕತ್ತರಿಸಿಲ್ಲವೆಂದು ಖಚಿತ ಮಾಡಿಕೊಂಡು, ಆ ಷಟರ್ ವೇಗವನ್ನು ಗುರುತಿಟ್ಟುಕೊಳ್ಳಿ. ಫಿಲ್ಟರ್ ತಿರುಗಿಸುವಾಗ ಫೋಕಸ್ ಬಳೆಯೂ ಜೊತೆಗೆ ಜರುಗಬಹುದು. ಒಂದು ಕೈಯಲ್ಲಿ ಬಳೆಯನ್ನು ಹಿಡಿದುಕೊಳ್ಳಿ, ಇಲ್ಲವೇ ಮೊದಲೇ ಟೇಪ್ ಅಂಟಿಸಿ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಆದರೆ ಕಣ್ಣಿಟ್ಟು ನೋಡುವ ಕಿಂಡಿಯನ್ನೂ ಮುಚ್ಚಬೇಕು. ಕೆಲವದರಲ್ಲಿ ಅದಕ್ಕೊಂದು ಪುಟ್ಟ ಬಾಗಿಲಿದೆ, ಕೆಲವದರ ಪಟ್ಟಿಯಲ್ಲೇ ರಬ್ಬರ್ ಮುಚ್ಚಳ ಪೋಣಿಸಿರುತ್ತಾರೆ, ಏನೂ ಇಲ್ಲದಿದ್ದರೆ ಕಪ್ಪು ಟೇಪ್ ಸಾಕು. ಮಿರರ್‌ಲೆಸ್‌ನವರಿಗೆ ಈ ಚಿಂತೆಯಿಲ್ಲ.

ಹೆಚ್ಚಿನ ಕ್ಯಾಮೆರಾಗಳ ಷಟರ್ ವೇಗ 30 ಸೆಕೆಂಡಿಗೆ ನಿಂತುಬಿಡುತ್ತದೆ, ಅದರಾಚೆಗೆ ಬಲ್ಬ್ ಮೋಡ್, ಅದರಲ್ಲಿ ಗುಂಡಿ ಒತ್ತಿರುವಷ್ಟು ಹೊತ್ತೂ ಷಟರ್ ತೆರೆದಿರುತ್ತದೆ. ರಿಮೋಟ್ ಗುಂಡಿ ಒತ್ತಿ ಲಾಕ್ ಮಾಡಿ, ಮೊಬೈಲಿನಲ್ಲಿ ಸಮಯ ನೋಡಿಕೊಳ್ಳಿ. ಹೊಸ ಕೆಲವು ಕ್ಯಾಮೆರಾಗಳ ಮೆನುವಿನಲ್ಲೇ ಬಲ್ಬ್ ಟೈಮರ್ ಇದೆ, ಒಮ್ಮೆ ಹುಡುಕಿ ನೋಡಿ. ಲೆಕ್ಕದ ಮೇಲೆ ನಂಬಿಕೆ ಬಾರದಿದ್ದರೆ ಫಿಲ್ಟರ್ ಹಾಕಿಕೊಂಡೇ ಐಎಸ್‌ಒ 6400ಕ್ಕೆ ಏರಿಸಿ 4 ಸೆಕೆಂಡಿನ ಶಾಟ್ ತೆಗೆಯಿರಿ. ಐಎಸ್‌ಒ 100ರಲ್ಲಿ 256 ಸೆಕೆಂಡಿಗೆ ಚಿತ್ರ ಎಷ್ಟು ಬೆಳಗುತ್ತದೋ ಅಲ್ಲೂ ಅಷ್ಟೇ ಬೆಳಗುತ್ತದೆ, ನಾಲ್ಕು ನಿಮಿಷ ದಂಡವಾಗುವುದು ತಪ್ಪುತ್ತದೆ.

ಸೆನ್ಸರ್ ಬಿಸಿಯಾದಂತೆ ಕೆಂಪು, ನೀಲಿ ಚುಕ್ಕೆಗಳು ಉದುರಿದಂತೆ ಕಾಣಿಸಿಕೊಳ್ಳುತ್ತವೆ, ಕರಾವಳಿಯ ಸೆಕೆಯಲ್ಲಿ ಇನ್ನೂ ಹೆಚ್ಚು. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಹಾಕಿದರೆ ಕ್ಯಾಮೆರಾ ಅಷ್ಟೇ ಹೊತ್ತು ಷಟರ್ ಮುಚ್ಚಿಕೊಂಡು ಇನ್ನೊಂದು ಫ್ರೇಮ್ ತೆಗೆದು ಚುಕ್ಕೆಗಳನ್ನು ಕಳೆಯುತ್ತದೆ. ಅಂದರೆ ನಾಲ್ಕು ನಿಮಿಷಕ್ಕೆ ಮತ್ತೆ ನಾಲ್ಕು ನಿಮಿಷ ಕಾಯಬೇಕು. ಆ ಹೊತ್ತಿಗೆ ಆಕಾಶದ ಕೆಂಪು ಮುಗಿದಿರುತ್ತದೆ. ಬೆಳಕು ಓಡುತ್ತಿರುವಾಗ ಆ ನಾಯ್ಸ್ ರಿಡಕ್ಷನ್ ಆಫ್ ಮಾಡಿಟ್ಟು, ಕೊನೆಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಸಮಯದ ಒಂದು ಕಪ್ಪು ಫ್ರೇಮ್ ತೆಗೆದುಕೊಂಡು ಮನೆಯಲ್ಲಿ ಕಳೆಯುವುದು ಮೇಲು. ನಕ್ಷತ್ರಗಳ ಜಾಡು ತೆಗೆಯುವಾಗಲಂತೂ ಇದು ಆಫ್ ಆಗಿರಲೇಬೇಕು, ಇಲ್ಲದಿದ್ದರೆ ಗೆರೆ ತುಂಡು ತುಂಡಾಗುತ್ತದೆ.

ಫೋಟೊ ಕೆಟ್ಟಿದ್ದರೆ ಹೇಗೆ ಕೆಟ್ಟಿದೆ ಎಂಬುದೇ ಕಾರಣ ಹೇಳುತ್ತದೆ. ನೀರು ಚೆನ್ನಾಗಿದ್ದು ಬಂಡೆಯ ಅಂಚು ಎರಡಾಗಿದ್ದರೆ ಟ್ರೈಪಾಡ್ ಕುಸಿದಿದೆ. ಅಂಚು ಒಂದೇ ಇದ್ದು ಎಲ್ಲವೂ ಮಸುಕಾಗಿದ್ದರೆ ಫೋಕಸ್ ಬಳೆ ಜರುಗಿದೆ. ನಡುವೆ ನೇರಳೆ ಇಲ್ಲವೇ ಬಿಳಿ ಪಟ್ಟಿ ಬಂದಿದ್ದರೆ ಕಿಂಡಿಯಿಂದ ಬೆಳಕು ಸೋರಿದೆ. ಮೂಲೆಗಳು ಕಪ್ಪಾಗಿದ್ದರೆ ವೈಡ್ ಲೆನ್ಸಿನ ಮೇಲೆ ಒಂದಕ್ಕಿಂತ ಹೆಚ್ಚು ಫಿಲ್ಟರ್ ಕೂತಿವೆ, ಯುವಿ ಫಿಲ್ಟರ್ ತೆಗೆದಿಡಿ. ಇಡೀ ಚಿತ್ರಕ್ಕೆ ಕಂದು ಅಥವಾ ನೀಲಿ ಛಾಯೆ ಹತ್ತಿದ್ದರೆ ಅದು ಫಿಲ್ಟರಿನ ಗುಣ. ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ತಿದ್ದಿದರೆ ಬಹುಪಾಲು ಹೋಗುತ್ತದೆ. ಅಲ್ಲಲ್ಲಿ ಮಬ್ಬು ಬೊಟ್ಟುಗಳಿದ್ದರೆ ಅಲೆಯ ತುಂತುರು ಗಾಜಿನ ಮೇಲೆ ಕೂತಿದೆ, ಪ್ರತಿ ಶಾಟಿಗೂ ಮೊದಲು ಒರೆಸಿ. ಸಾಲದ್ದಕ್ಕೆ ಎಸಿ ಕಾರಿನಿಂದ ಇಳಿದ ಕೂಡಲೇ ಗಾಜು ಬೆವರುತ್ತದೆ. ಕ್ಯಾಮೆರಾವನ್ನು ಬ್ಯಾಗಿನೊಳಗೇ ಅರ್ಧ ಗಂಟೆ ಹೊರಗಿನ ಸೆಕೆಗೆ ಹೊಂದಿಕೊಳ್ಳಲು ಬಿಡಿ.

ಮನೆಗೆ ಬಂದ ರಾತ್ರಿಯೇ ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಿನಲ್ಲಿ ತೊಳೆದು, ಎಳೆದ ಸ್ಥಿತಿಯಲ್ಲೇ ಒಣಗಲು ನಿಲ್ಲಿಸಿ. ಬೆಳಗ್ಗೆ ತೊಳೆದರಾಯಿತೆಂದು ಮಡಚಿಟ್ಟರೆ ಉಪ್ಪು, ಮರಳು ಲಾಕ್‌ಗಳೊಳಗೆ ಕೂತು, ಮುಂದಿನ ಸಲ ಕಾಲು ಎಳೆಯುವಾಗ ಕರಕರ ಅನ್ನುತ್ತದೆ.