ಪುಣೆಯಿಂದ ವಿಜಯಪುರಕ್ಕೆ ಸುಡುಬಿಸಿಲಿನಲ್ಲಿ ಬೈಕ್ ಸವಾರಿ: ನನ್ನ ಅನುಭವ

ಪುಣೆಯಲ್ಲಿ ನೆಲೆಸಿರುವ ಉತ್ತರ ಕರ್ನಾಟಕದವರಿಗೆ ಊರಿನಿಂದ ಕರೆ ಬರುವುದು ಹೆಚ್ಚಾಗಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲೇ. ಮದುವೆ, ಜಾತ್ರೆ, ಗೃಹಪ್ರವೇಶಗಳೆಲ್ಲ ಆ ಎರಡು ತಿಂಗಳುಗಳಲ್ಲಿ ಒತ್ತೊತ್ತಾಗಿ ಬರುತ್ತವೆ, ರೈಲಿನಲ್ಲಿ ಜಾಗ ಸಿಗುವುದಿಲ್ಲ, ಬಸ್ಸಿನ ದರ ಏರಿರುತ್ತದೆ. ಹಡಪಸರದಲ್ಲಿ ಮನೆ ಮಾಡಿಕೊಂಡಿರುವ ನಾನು ಇದೇ ಕಾರಣಕ್ಕೆ ಹಲವು ವರ್ಷಗಳಿಂದ ಬೇಸಿಗೆಯಲ್ಲೂ ಬೈಕ್‌ನಲ್ಲಿಯೇ ವಿಜಯಪುರಕ್ಕೆ ಹೋಗಿಬರುತ್ತಿದ್ದೇನೆ. ಸೊಲ್ಲಾಪುರದವರೆಗೆ ಸುಮಾರು 250 ಕಿ.ಮೀ., ಅಲ್ಲಿಂದ ಮುಂದೆ ಭೀಮಾ ನದಿ ದಾಟಿ ಸುಮಾರು 100 ಕಿ.ಮೀ. ರಸ್ತೆ ಅಗಲವಾಗಿದೆ, ದಾರಿಯಲ್ಲಿ ಘಟ್ಟವಿಲ್ಲ, ಪೆಟ್ರೋಲ್ ಬಂಕ್‌ಗಳಿಗೂ ಊಟದ ಹೋಟೆಲುಗಳಿಗೂ ಕೊರತೆಯಿಲ್ಲ. ಕಷ್ಟವೆಲ್ಲ ಬಿಸಿಲಿನದೇ. ಇಂದಾಪುರ ದಾಟಿದ ಮೇಲೆ ನೆರಳು ವಿರಳವಾಗುತ್ತದೆ, ಸೊಲ್ಲಾಪುರದಲ್ಲಿ ಆ ದಿನಗಳಲ್ಲಿ ತಾಪಮಾನ 42 ಅಥವಾ 43 ಡಿಗ್ರಿ ಮುಟ್ಟುವುದು ಯಾರಿಗೂ ಸುದ್ದಿ ಎನಿಸುವುದಿಲ್ಲ.

ವೇಗವಾಗಿ ಹೋದರೆ ಗಾಳಿ ತಾಗಿ ತಂಪಾಗುತ್ತದೆ ಎಂಬ ನಂಬಿಕೆ ಪುಣೆ ನಗರದೊಳಗಿನ ಸವಾರಿಯಿಂದ ಬಂದದ್ದು, ಮತ್ತು ಅಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ನಮ್ಮ ಚರ್ಮದ ತಾಪಮಾನ ಬೇಸಿಗೆಯಲ್ಲಿ 35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೀಸುವ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಗಾಳಿಯೇ 43 ಡಿಗ್ರಿ ಇದ್ದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಆಗ ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದೆಗೆ ಬಡಿಯುವ ಗಾಳಿ ಮೈಗೆ ಶಾಖವನ್ನು ತುಂಬುತ್ತದೆ, ವೇಗ ಹೆಚ್ಚಿಸಿದಷ್ಟೂ ಹೆಚ್ಚು ತುಂಬುತ್ತದೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಡಾಂಬರಿನ ಝಳ ಮತ್ತು ಎಂಜಿನ್ನಿನ ಶಾಖ, ಒಳಗಿನಿಂದ ದೇಹದ್ದೇ ಶಾಖ. ಇವೆಲ್ಲವನ್ನೂ ಹೊರಹಾಕಲು ದೇಹಕ್ಕೆ ಉಳಿಯುವ ಒಂದೇ ದಾರಿ ಬೆವರು ಆವಿಯಾಗುವುದು. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಅಂತಹ ಪ್ರಯೋಜನವೇನೂ ಇಲ್ಲ. ಬಿಸಿಲಿನ ಸವಾರಿಯ ಸಿದ್ಧತೆಯೆಲ್ಲವನ್ನೂ ನಾನು ಈ ಒಂದೇ ಅಂಶದ ಸುತ್ತ ಕಟ್ಟಿಕೊಂಡಿದ್ದೇನೆ: ಬೆವರನ್ನು ಉಳಿಸುವುದು, ಅದನ್ನು ನಿಧಾನವಾಗಿ ಆವಿಯಾಗಿಸುವುದು, ಖರ್ಚಾದಷ್ಟನ್ನು ಮರಳಿ ತುಂಬುವುದು.

ಮೊದಲನೆಯದು ಬಟ್ಟೆ. ಮೊಹೋಳದ ಬಳಿ ನಾನು ಚಹಾಕ್ಕೆ ನಿಲ್ಲುವ ಹೋಟೆಲಿನ ಮಾಲೀಕರು ಸೊಲ್ಲಾಪುರದ ಕನ್ನಡಿಗರು. ಪ್ರತಿ ಬೇಸಿಗೆಯಲ್ಲೂ ಅವರದು ಒಂದೇ ಪ್ರಶ್ನೆ: “ಯಾಕ್ರೀ ಸರ, ಮಂದಿ ಅಂಗಿ ಗುಂಡಿ ಬಿಚ್ಚಿ ಕುಂತಾರ, ನೀವು ಕೋಟ್ ಹಾಕ್ಕೊಂಡು ಹೊಂಟೀರಲ್ಲ?” ಕುರಿ ಕಾಯುವವರು ಇದೇ ಬಿಸಿಲಿನಲ್ಲಿ ಕಂಬಳಿ ಹೊದ್ದು ನಿಂತಿರುತ್ತಾರಲ್ಲವೇ ಎಂದು ನಾನು ಹೇಳಿದರೆ ಅವರು ನಗುತ್ತಾರೆ, ಒಪ್ಪುವುದಿಲ್ಲ. ಆದರೂ ಕಾರಣ ಅದೇ. ಬರಿಯ ಅಂಗಿಯಲ್ಲಿ ಹೋದರೆ ಬೆವರು ಮೂಡುವ ಮೊದಲೇ ಗಾಳಿ ಅದನ್ನು ಹೀರಿಬಿಡುತ್ತದೆ, ಚರ್ಮಕ್ಕೆ ನೇರ ಬಿಸಿಲು ತಾಗುತ್ತದೆ, ಮೈ ಒಣಗಿರುವುದರಿಂದ ನೀರು ಎಷ್ಟು ಕಳೆದುಕೊಂಡೆವೆಂಬುದು ಗೊತ್ತೇ ಆಗುವುದಿಲ್ಲ. ನಾನು ತಿಳಿಬಣ್ಣದ ಬಟ್ಟೆಯ ರೈಡಿಂಗ್ ಜಾಕೆಟ್ ಹಾಕುತ್ತೇನೆ. ಗಾಳಿ 37 ಡಿಗ್ರಿ ಮೀರಿದೆ ಎನಿಸಿದ ಕೂಡಲೇ ಜಾಕೆಟ್ಟಿನ ಎದೆಯ ಮೇಲೆ ಗಾಳಿಯಾಡಲೆಂದು ಇರುವ ಕಿಂಡಿಗಳನ್ನು ಬಹುಪಾಲು ಮುಚ್ಚಿ, ತೋಳಿನ ತುದಿಯನ್ನೂ ಬೆನ್ನಿನ ಕಿಂಡಿಯನ್ನೂ ಸ್ವಲ್ಪವೇ ತೆರೆದಿಡುತ್ತೇನೆ. ಹೆಲ್ಮೆಟ್ಟಿನ ಗಾಜನ್ನೂ ಇಳಿಸಿಯೇ ಇರುತ್ತೇನೆ. ತೆರೆದಿಟ್ಟರೆ ಕಣ್ಣು ಅರ್ಧ ಗಂಟೆಯಲ್ಲಿ ಉರಿಯತೊಡಗುತ್ತದೆ. ಕೈಗವಸು ಹಾಕದೆ ಹೋಗುವವರಿಗೆ ಕ್ಲಚ್ ಹಿಡಿಯುವ ಬೆರಳುಗಳ ಮೇಲ್ಭಾಗ ಸುಟ್ಟು ಕಪ್ಪಾಗುವುದು ಮನೆ ಸೇರಿದ ಮೇಲಷ್ಟೇ ಗಮನಕ್ಕೆ ಬರುತ್ತದೆ.

ಜಾಕೆಟ್ಟಿನ ಒಳಗೆ ತೆಳುವಾದ ಹತ್ತಿಯ ಅಂಗಿ, ಅದೂ ಒದ್ದೆಯದು. ಬೆಳಿಗ್ಗೆ ಎಂಟರ ನಂತರ ನಿಂತಲ್ಲೆಲ್ಲ ಅಂಗಿಯನ್ನು ನೀರಿನಲ್ಲಿ ಅದ್ದಿ, ನೀರು ಸುರಿಯದಷ್ಟು ಹಿಂಡಿ, ಮತ್ತೆ ತೊಡುತ್ತೇನೆ. ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಅದರ ತುದಿಗಳನ್ನು ಜಾಕೆಟ್ಟಿನೊಳಗೆ ಸೇರಿಸುತ್ತೇನೆ. ಟವೆಲ್ಲಿನ ತುದಿ ಹೊರಗೆ ತೂಗಾಡಿದರೆ ಚೈನಿಗೋ ಹಿಂದಿನ ಚಕ್ರಕ್ಕೋ ಸಿಲುಕಬಹುದಾದ್ದರಿಂದ ಇಷ್ಟು ಎಚ್ಚರ ಬೇಕೇ ಬೇಕು. ಒಣಹವೆಯಲ್ಲಿ ಇದರ ಪರಿಣಾಮ ಅಚ್ಚರಿ ಹುಟ್ಟಿಸುವಂಥದ್ದು. ಗಾಳಿ 43 ಡಿಗ್ರಿಯಿದ್ದು ಆರ್ದ್ರತೆ ಶೇ. 15ರಷ್ಟಿದ್ದರೆ ಒದ್ದೆ ಬಟ್ಟೆ ನೆರಳಿನಲ್ಲಿ ಸುಮಾರು 23 ಡಿಗ್ರಿಯವರೆಗೂ ತಣ್ಣಗಾಗಬಲ್ಲದು. ಮಣ್ಣಿನ ಹರವಿಯ ನೀರು ತಂಪಾಗುವುದು ಕೂಡ ಹೀಗೆಯೇ. ದೇಹದ ಮೇಲೆ ಅಷ್ಟು ಇಳಿಯುವುದಿಲ್ಲ ನಿಜ, ಆದರೆ ಆವಿಯಾಗುವ ನೀರು ಅಂಗಿಯದಾದಷ್ಟು ಹೊತ್ತು ನನ್ನ ಬೆವರು ಉಳಿಯುತ್ತದೆ. ಕಿಂಡಿಗಳನ್ನು ಪೂರ್ತಿ ತೆರೆದರೆ ಅಂಗಿ ಬೇಗನೆ ಒಣಗಿಹೋಗುತ್ತದೆ, ಸ್ವಲ್ಪವೇ ತೆರೆದರೆ ಮುಂದಿನ ನಿಲುಗಡೆಯವರೆಗೂ ತಾಳುತ್ತದೆ.

ಇದೇ ಉಪಾಯವನ್ನು ಗೋವಾದಲ್ಲಿ ಬಳಸಿದವರು ನನ್ನನ್ನು ಬೈಯಬಹುದು. ಪುಣೆಯಿಂದ ಕೊಲ್ಹಾಪುರದ ಕಡೆಗೆ ಹೋಗಿ ಆಂಬೋಲಿ ಘಟ್ಟ ಇಳಿದು ಸಾವಂತವಾಡಿ ಮುಟ್ಟಿದರೆ ತಾಪಮಾನ 34 ಡಿಗ್ರಿಗೆ ಇಳಿದಿರುತ್ತದೆ, ಸೆಕೆ ಮಾತ್ರ ಇಮ್ಮಡಿಯಾದಂತೆ ತೋರುತ್ತದೆ. ಗಾಳಿ 34 ಡಿಗ್ರಿಯಿದ್ದು ಆರ್ದ್ರತೆ ಶೇ. 70 ಇದ್ದರೆ ಒದ್ದೆ ಬಟ್ಟೆ ಸುಮಾರು 29 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಅಂದರೆ ಅಲ್ಲಿ ಬೆವರು ಸಾಕಷ್ಟು ಬರುತ್ತದೆ, ಆದರೆ ಆವಿಯಾಗದೆ ಹರಿದುಹೋಗುತ್ತದೆ. ಕರಾವಳಿಯಲ್ಲಿ ಒದ್ದೆ ಅಂಗಿ ಮೈಗಂಟಿ ಹಿಂಸೆ ಕೊಡುತ್ತದೆಯೇ ಹೊರತು ತಂಪು ಕೊಡುವುದಿಲ್ಲ. ಅಲ್ಲಿ ಬೇಕಾದದ್ದು ಜಾಲರಿಯ ಜಾಕೆಟ್, ತೆರೆದ ಕಿಂಡಿಗಳು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನಿಲ್ಲದ ಚಲನೆ. ಗಾಳಿ ಚರ್ಮಕ್ಕಿಂತ ತುಸು ತಣ್ಣಗಿರುವುದರಿಂದ ಚಲಿಸುವಷ್ಟು ಹೊತ್ತು ಸಹಿಸಬಹುದು, ಸಿಗ್ನಲ್‌ನಲ್ಲಿ ನಿಂತರೆ ಉಸಿರು ಕಟ್ಟಿದಂತಾಗುತ್ತದೆ. ಮುಂಬಯಿಯ ಮಟ್ಟಿಗಂತೂ ಇದೇ ಮುಖ್ಯ ಸಮಸ್ಯೆ. ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕ್‌ಗಳಿಗೆ ಪ್ರವೇಶವಿಲ್ಲ, ಹಳೆಯ ಹೆದ್ದಾರಿಯಲ್ಲಿ ಖಂಡಾಲಾ ಇಳಿದು ಪನ್ವೇಲ್ ದಾಟಿದ ಮೇಲೆ ಸಂಚಾರ ಆಮೆವೇಗಕ್ಕೆ ಇಳಿಯುತ್ತದೆ. ಪೂರ್ವದ ದಾರಿಗೆ ಒಂದು ಉಡುಗೆ, ಪಶ್ಚಿಮದ ದಾರಿಗೆ ಅದಕ್ಕೆ ವಿರುದ್ಧವಾದ ಇನ್ನೊಂದು ಉಡುಗೆ ಎಂದು ನಾನು ಎರಡು ಜಾಕೆಟ್ ಇಟ್ಟುಕೊಂಡಿರುವುದು ಮನೆಯಲ್ಲಿ ಇನ್ನೂ ಚರ್ಚೆಯ ವಿಷಯ.

ಹೊರಡುವ ಹೊತ್ತಿನ ಬಗ್ಗೆ ಎಲ್ಲರೂ ಹೇಳುವುದು ‘ಬೇಗ ಹೊರಡು’ ಎಂದು. ಎಷ್ಟು ಬೇಗ ಎಂಬುದೇ ಪ್ರಶ್ನೆ. ದಿನದ ಗರಿಷ್ಠ ತಾಪಮಾನ ನಡುಮಧ್ಯಾಹ್ನದಲ್ಲಿ ಬರುವುದಿಲ್ಲ, ನೆಲ ಕಾದು ಗಾಳಿಯನ್ನು ಕಾಯಿಸಿದ ಮೇಲೆ, ಮಧ್ಯಾಹ್ನ ಮೂರರ ಸುಮಾರಿಗೆ ಬರುತ್ತದೆ. ಆದ್ದರಿಂದ ‘ಊಟ ಮುಗಿಸಿ, ತುಸು ಮಲಗಿ, ನಾಲ್ಕಕ್ಕೆ ಹೊರಟರಾಯಿತು’ ಎಂಬ ಲೆಕ್ಕ ಸೊಲ್ಲಾಪುರದ ದಾರಿಗೆ ಸಲ್ಲದು. ಐದೂವರೆಗಿಂತ ಮೊದಲು ಅಲ್ಲಿ ಧಗೆ ತಗ್ಗುವುದಿಲ್ಲ. ನಾನು ಬೆಳಗಿನ ನಾಲ್ಕೂವರೆಗೆ ಹಡಪಸರ ಬಿಡುತ್ತೇನೆ. ಉರುಳಿ ಕಾಂಚನದವರೆಗಿನ ಲಾರಿ ದಟ್ಟಣೆ ಆಗ ಕಡಿಮೆ, ಬೆಳಕು ಹರಿಯುವ ಹೊತ್ತಿಗೆ ಉಜನಿ ಹಿನ್ನೀರಿನ ದಂಡೆಯ ಭಿಗವಣ ಹತ್ತಿರವಾಗಿರುತ್ತದೆ. ಇಲ್ಲಿಂದ ಮುಂದೆ ಇನ್ನೊಂದು ತೊಡಕಿದೆ. ರಸ್ತೆ ಆಗ್ನೇಯಕ್ಕೆ ಸಾಗುವುದರಿಂದ ಆರೂವರೆಯಿಂದ ಎಂಟರವರೆಗೆ ಸೂರ್ಯ ಹೆಚ್ಚುಕಡಿಮೆ ಕಣ್ಣೆದುರಿಗೇ ಇರುತ್ತಾನೆ. ಕಪ್ಪು ಗಾಜಿನ ಹೆಲ್ಮೆಟ್ ಕತ್ತಲೆಯಲ್ಲಿ ಹೊರಡುವವನಿಗೆ ಕೆಲಸಕ್ಕೆ ಬಾರದು. ನಾನು ತಿಳಿಗಾಜನ್ನೇ ಇಟ್ಟು, ಅದರ ಮೇಲಂಚಿಗೆ ಎರಡು ಬೆರಳಗಲದ ಕಪ್ಪು ಟೇಪ್ ಅಂಟಿಸಿದ್ದೇನೆ. ತಲೆಯನ್ನು ತುಸು ಬಾಗಿಸಿದರೆ ಸೂರ್ಯ ಮರೆಯಾಗುತ್ತಾನೆ, ರಸ್ತೆ ಕಾಣುತ್ತದೆ. ಮರಳುವಾಗ ಸಂಜೆಯ ಬದಲು ನಸುಕಿನಲ್ಲೇ ವಿಜಯಪುರ ಬಿಡುವುದಕ್ಕೆ ಇದೂ ಒಂದು ಕಾರಣ, ಆಗ ಬಿಸಿಲು ಬೆನ್ನಿಗೆ ಬೀಳುತ್ತದೆ. ಹನ್ನೊಂದಕ್ಕೆ ಊರು ಸೇರಲಾಗದು ಎಂದು ಖಚಿತವಾದರೆ ಸೊಲ್ಲಾಪುರದಲ್ಲೇ ಸಂಜೆಯವರೆಗೆ ನಿಂತುಬಿಡುತ್ತೇನೆ. ‘ಇನ್ನೇನು ನೂರೇ ಕಿಲೋಮೀಟರ್’ ಎಂಬ ಮಾತನ್ನು ಆಗ ಕಿವಿಗೆ ಹಾಕಿಕೊಳ್ಳಬಾರದು.

ಕುಡಿಯುವ ವಿಷಯದಲ್ಲಿ ನೀರಿನಷ್ಟೇ ಉಪ್ಪೂ ಮುಖ್ಯ. ಬಿಸಿಲಿನಲ್ಲಿ ಗಂಟೆಗೆ ಒಂದು ಲೀಟರ್‌ನಷ್ಟು ಬೆವರು ಹೋಗಬಹುದು, ಅದರ ಜೊತೆ ಸೋಡಿಯಂ ಕೂಡ ಹೋಗುತ್ತದೆ. ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಶುರುವಾಗುತ್ತವೆ. ಬೆನ್ನಿಗೆ ಕೊಳವೆಯಿರುವ ನೀರಿನ ಚೀಲ ಹಾಕಿಕೊಂಡು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದೆರಡು ಗುಟುಕು ಹೀರುತ್ತೇನೆ, ನಿಂತಲ್ಲಿ ಓಆರ್‌ಎಸ್ ಕುಡಿಯುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣದಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತವೆ, ಅದನ್ನು ಸರಿಯಾಗಿ ಒಂದು ಲೀಟರ್ ನೀರಿಗೇ ಬೆರೆಸಬೇಕು. ಸಣ್ಣ ಬಾಟಲಿಗೆ ಇಡೀ ಪೊಟ್ಟಣ ಸುರಿಯುವವರನ್ನು ದಾರಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಇದನ್ನು ಬಳಸುವುದು ಒಳ್ಳೆಯದು. ಉಳಿದಂತೆ ಉಪ್ಪು ಹಾಕಿದ ಮಜ್ಜಿಗೆಗೆ ಸಮನಾದದ್ದು ಇಲ್ಲ. ದಾರಿಯುದ್ದಕ್ಕೂ ಗೆಜ್ಜೆ ಸದ್ದು ಮಾಡುತ್ತಾ ಕರೆಯುವ ರಸವಂತಿ ಗೃಹಗಳ ಕಬ್ಬಿನ ಹಾಲು ನನಗೂ ಇಷ್ಟ; ಐಸ್ ಬೇಡವೆಂದು, ನಿಂಬೆ ಮತ್ತು ಉಪ್ಪು ಹೆಚ್ಚಿರಲೆಂದು ಹೇಳಿ ಅರ್ಧ ಗ್ಲಾಸು ಕುಡಿಯುತ್ತೇನೆ. ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲವೆಂದು ಅವ್ವ ಈಗಲೂ ಒಂದನ್ನು ಕೊಟ್ಟೇ ಕಳುಹಿಸುತ್ತಾಳೆ. ಅದನ್ನು ನಾನು ಮಜ್ಜಿಗೆಯ ಜೊತೆ ತಿಂದು ಮುಗಿಸುತ್ತೇನೆ.

ಸುಸ್ತಿಗಿಂತ ಮೊದಲು ಕೆಡುವುದು ನಿರ್ಧಾರಶಕ್ತಿ. ಲಾರಿಯನ್ನು ದಾಟುವಾಗ ಅಂತರದ ಅಂದಾಜು ತಪ್ಪುವುದು, ಕಾರಣವಿಲ್ಲದೆ ಸಿಟ್ಟು ಬರುವುದು, ತಿರುವಿನ ಫಲಕವನ್ನು ನೋಡಿಯೂ ಓದದೆ ಮುಂದೆ ಹೋಗುವುದು ಇವೇ ನನಗೆ ನಿಲ್ಲಲು ಸೂಚನೆ. ಮೂತ್ರ ಗಾಢ ಹಳದಿಯಾಗಿದ್ದರೆ ಅಥವಾ ಬೆಳಗಿನಿಂದ ಒಮ್ಮೆಯೂ ಹೋಗಿಲ್ಲವೆಂದರೆ ನೆರಳಿನಲ್ಲಿ ಅರ್ಧ ಗಂಟೆ ಕಡ್ಡಾಯ. ಜೊತೆಗಾರ ತೊದಲುತ್ತಿದ್ದರೆ, ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಡುತ್ತಿದ್ದರೆ, ಮೈ ಕೆಂಡವಾಗಿದ್ದರೆ ಅದು ಬಿಸಿಲಾಘಾತ. ದೇಹದ ಒಳತಾಪ 40 ಡಿಗ್ರಿ ಮೀರಿರುತ್ತದೆ. ಬೆವರು ಬರುತ್ತಿದೆಯೋ ನಿಂತಿದೆಯೋ ಎಂದು ನೋಡುತ್ತಾ ಕೂರಬಾರದು. 108ಕ್ಕೆ ಕರೆಮಾಡಿ, ಜಾಕೆಟ್ ಕಳಚಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಇರಬೇಕು. ಪ್ರಜ್ಞೆ ಮಂಕಾದವರ ಬಾಯಿಗೆ ನೀರು ಹಾಕಬಾರದು.

ಬೈಕ್ ಮನುಷ್ಯನಿಗಿಂತ ಗಟ್ಟಿ. ಟೈರಿನ ಗಾಳಿಯನ್ನು ನಸುಕಿನಲ್ಲಿ, ಟೈರು ತಣ್ಣಗಿರುವಾಗಲೇ ಪರೀಕ್ಷಿಸುತ್ತೇನೆ. ಹತ್ತು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ, ಅದನ್ನು ಕಂಡು ದಾರಿಯಲ್ಲಿ ಗಾಳಿ ಬಿಡುವುದು ತಪ್ಪು. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗಿ ಇನ್ನಷ್ಟು ಕಾಯುತ್ತದೆ. ಗಾಳಿಯಿಂದಲೇ ತಂಪಾಗುವ ಎಂಜಿನ್ ಓಡುವಾಗ ಸುರಕ್ಷಿತ, ಟ್ರಾಫಿಕ್ಕಿನಲ್ಲಿ ನಿಂತಾಗಲೇ ಅಪಾಯ; ಆದ್ದರಿಂದ ಸಿಗ್ನಲ್‌ನಲ್ಲಿ ಎಂಜಿನ್ ಆರಿಸುತ್ತೇನೆ, ಆಯಿಲ್ ಮಟ್ಟವನ್ನು ಹೊರಡುವ ಹಿಂದಿನ ದಿನ ನೋಡುತ್ತೇನೆ. ಬೇಸಿಗೆಯಲ್ಲಿ ಟ್ಯಾಂಕ್ ತುಂಬಿಸಿದರೆ ಸಿಡಿಯುತ್ತದೆ ಎಂಬ ಸಂದೇಶ ಪ್ರತಿವರ್ಷ ಮೊಬೈಲ್‌ಗೆ ಬರುತ್ತದೆ, ಅದು ಸುಳ್ಳೆಂದು ಇಂಡಿಯನ್ ಆಯಿಲ್ ಸಂಸ್ಥೆಯೇ ಸ್ಪಷ್ಟಪಡಿಸಿದೆ. ತಯಾರಕರು ಹೇಳಿದ ಮಿತಿಯವರೆಗೆ ತುಂಬಿಸಬಹುದು, ಕುತ್ತಿಗೆಯವರೆಗೆ ಮಾತ್ರ ಬೇಡ. 12 ಲೀಟರ್ ಪೆಟ್ರೋಲ್ 15 ಡಿಗ್ರಿ ಕಾದರೆ 150 ಮಿ.ಲೀ.ಗೂ ಹೆಚ್ಚು ಹಿಗ್ಗುತ್ತದೆ. ಹ್ಯಾಂಡಲ್ ಮೇಲಿನ ಮೊಬೈಲ್ ಬಿಸಿಗೆ ತಾನಾಗಿಯೇ ಆರಿಹೋಗುವುದರಿಂದ ದಾರಿಯನ್ನು ಮೊದಲೇ ನೆನಪಿಟ್ಟುಕೊಂಡಿರುತ್ತೇನೆ. ಪವರ್ ಬ್ಯಾಂಕ್ ಮತ್ತು ಸ್ಪ್ರೇ ಡಬ್ಬಿಗಳನ್ನು ಟ್ಯಾಂಕ್ ಮೇಲಿನ ಕಪ್ಪು ಚೀಲದಲ್ಲಿ ಎಂದೂ ಇಡುವುದಿಲ್ಲ.

ಮೇ ತಿಂಗಳಲ್ಲಿ ಅನಿವಾರ್ಯವಾಗಿ ಸಂಜೆ ಹೊರಟಾಗ ಇನ್ನೊಂದಕ್ಕೆ ಸಿದ್ಧನಾಗಿರಬೇಕಾಗುತ್ತದೆ. ಮುಂಗಾರಿಗೆ ಮೊದಲಿನ ಗುಡುಗು ಮಳೆ ಟೆಂಭುರ್ಣಿಯ ಸುತ್ತಮುತ್ತ ಧೂಳಿನ ಗಾಳಿಯೊಂದಿಗೆ ಏಕಾಏಕಿ ಬರುತ್ತದೆ. ಆಗ ಮರದಡಿಯಲ್ಲಾಗಲಿ ಜಾಹೀರಾತು ಫಲಕದಡಿಯಲ್ಲಾಗಲಿ ನಿಲ್ಲದೆ ಗಟ್ಟಿ ಕಟ್ಟಡವೊಂದನ್ನು ಹುಡುಕಿಕೊಳ್ಳುತ್ತೇನೆ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕುಳಿತ ಆಯಿಲ್ ಮತ್ತು ಧೂಳು ಮೊದಲ ಹನಿಗಳೊಂದಿಗೆ ಜಾರುವ ಪದರವಾಗುವುದರಿಂದ, ಮಳೆ ಅದನ್ನು ತೊಳೆದುಹೋಗುವವರೆಗೆ ಕಾಯುವುದು ಲೇಸು. ಅರ್ಧ ಗಂಟೆಯಲ್ಲಿ ತಾಪಮಾನ ಹತ್ತು ಡಿಗ್ರಿಗೂ ಹೆಚ್ಚು ಕುಸಿಯಬಹುದು, ಮತ್ತು ಮಧ್ಯಾಹ್ನ ಕಾಪಾಡಿದ ಒದ್ದೆ ಅಂಗಿಯೇ ಆಗ ನಡುಕ ಹುಟ್ಟಿಸುತ್ತದೆ. ಅದಕ್ಕಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಣ ಅಂಗಿಯೊಂದು ಸಾಮಾನಿನ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇರುತ್ತದೆ. ಮಳೆ ನಿಂತ ಮೇಲೆ ಅದನ್ನು ಹಾಕಿಕೊಂಡು, ಜಾಕೆಟ್ಟಿನ ಕಿಂಡಿಗಳನ್ನೆಲ್ಲ ಮುಚ್ಚಿಕೊಂಡು ಹೊರಡುತ್ತೇನೆ.