ಸ್ಯಾಕ್ ಯಾರ ಲೆಕ್ಕಕ್ಕೆ? ಭಾವನ ಜೊತೆ ಐದು ತಿಂಗಳ ಜಗಳ

"ಬ್ಲಿಟ್ಜ್ ಮಾಡ್ಬೇಕು ಕಣೋ. ಜನ ನುಗ್ಗಿಸ್ಬೇಕು. ಸುಮ್ನೆ ಹಿಂದೆ ನಿಂತು ಕಾಯ್ತಾ ಇದ್ರೆ ಆಗುತ್ತಾ?"

2024ರ ಸೆಪ್ಟೆಂಬರ್ 29, ಭಾನುವಾರ. ಫಿಲಡೆಲ್ಫಿಯಾ ಹತ್ತಿರ ಅಕ್ಕನ ಮನೆ. ಭಾವ ಈ ಮಾತನ್ನು ಹತ್ತು ಸಲವಾದರೂ ಹೇಳಿರಬೇಕು. ಅವತ್ತು ನಮ್ಮ ಈಗಲ್ಸ್ ತಂಡ ಟ್ಯಾಂಪಾ ಬೇ ಎದುರು 33–16ರಲ್ಲಿ ಸೋತಿತು. ನಾಲ್ಕು ಪಂದ್ಯದಲ್ಲಿ ಎರಡನೇ ಸೋಲು. ಡಿಫೆನ್ಸ್ ನೋಡಿಕೊಳ್ಳಲು ಆ ವರ್ಷವೇ ಬಂದಿದ್ದ ವಿಕ್ ಫ್ಯಾಂಜಿಯೊ ಮೇಲೆ ಭಾವನಿಗೆ ಕೆಂಡದಂಥ ಕೋಪ.

ಅಮೆರಿಕನ್ ಫುಟ್ಬಾಲ್ ನೋಡದವರಿಗೆ ಎರಡು ಮಾತು. ಡಿಫೆನ್ಸ್ ಕಡೆ ಹನ್ನೊಂದು ಜನ. ಸಾಮಾನ್ಯವಾಗಿ ನಾಲ್ವರು ಎದುರು ತಂಡದಲ್ಲಿ ಚೆಂಡು ಎಸೆಯುವವನ, ಅಂದರೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ, ಏಳು ಜನ ಹಿಂದೆ ಪಾಸ್ ಹಿಡಿಯುವವರನ್ನು ಕಾಯುತ್ತಾರೆ. ಐದು ಅಥವಾ ಜಾಸ್ತಿ ಜನ ನುಗ್ಗಿದರೆ ಅದು ಬ್ಲಿಟ್ಜ್. ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದರೆ ಸ್ಯಾಕ್. ನುಗ್ಗಲು ಒಬ್ಬನನ್ನು ಕಳಿಸಿದರೆ ಹಿಂದೆ ಒಬ್ಬ ಕಡಿಮೆ. ಜಗಳವೆಲ್ಲ ಆ ಒಬ್ಬನದ್ದೇ: ಅವನು ನುಗ್ಗಬೇಕು ಅಂತ ಭಾವ, ಹಿಂದೆ ಕಾಯಬೇಕು ಅಂತ ನಾನು.

ಭಾವನ ತುರುಪು: 2022ರಲ್ಲಿ ಇದೇ ತಂಡ ಸೀಸನ್ನಿನಲ್ಲಿ 70 ಸ್ಯಾಕ್ ಮಾಡಿತ್ತು. ನನ್ನ ತುರುಪು: ಆ ಸೀಸನ್ನಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿ ಎದುರು ಒಂದೂ ಸ್ಯಾಕ್ ಇಲ್ಲ, 38–35ರಲ್ಲಿ ಸೋಲು. ಅವರು ಅವರದ್ದು ಹೇಳ್ತಾರೆ, ನಾನು ನಂದು ಹೇಳ್ತೀನಿ. ಊಟ ತಣ್ಣಗಾಯ್ತು.

ಮುಂದಿನ ವಾರ ಈಗಲ್ಸ್‌ಗೆ ಪಂದ್ಯವಿರಲಿಲ್ಲ. ಮಗಳ ಹಳೇ ನೋಟ್‌ಬುಕ್ಕೊಂದನ್ನು ತೆಗೆದುಕೊಂಡು ಆಗಿಹೋದ ಪಂದ್ಯಗಳನ್ನು ಮತ್ತೆ ಹಾಕಿದೆ. ಬರೆಯುವುದು ನಾಲ್ಕೇ ವಿಷಯ ಅಂದುಕೊಂಡೆ: ಎಷ್ಟು ಜನ ನುಗ್ಗಿದರು, ಹಿಂದೆ ಆಳದಲ್ಲಿ ಎಷ್ಟು ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಂತು ಕಾಯುವವರು) ಇದ್ದರು, ಚೆಂಡು ಕೈಯಲ್ಲಿ ಎಷ್ಟು ಸೆಕೆಂಡು ಇತ್ತು, ಏನಾಯ್ತು.

ಮೊದಲ ದಿನದ ಬರಹವೆಲ್ಲ ದಂಡ. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತೆ, ಹಿಂದೆ ನಿಂತ ಸೇಫ್ಟಿಗಳು ಪರದೆಯಲ್ಲೇ ಇರಲ್ಲ. ನಾನು ಬರೆದಿದ್ದು ಬರೀ ಊಹೆ. ದುಡ್ಡು ಕೊಟ್ಟರೆ ಇಡೀ ಮೈದಾನ ಎತ್ತರದಿಂದ ಕಾಣುವ ವಿಡಿಯೊ ಸಿಗುತ್ತೆ, ಇಪ್ಪತ್ತೆರಡೂ ಆಟಗಾರರು ಕಾಣುತ್ತಾರೆ ಅಂತ ಅದಕ್ಕೆ ಆಲ್-22 ಅನ್ನುತ್ತಾರೆ. ಅದನ್ನು ತಗೊಂಡೆ. ಅಕ್ಕ ಸಾಕಷ್ಟು ಬೈದಳು.

ಎರಡನೇ ತಪ್ಪು ಎಣಿಕೆಯದ್ದು. ಲೈನಿನಲ್ಲಿ ಆರು ಜನ ಬಗ್ಗಿ ನಿಂತಿದ್ದಾರೆ, ನಾನು 'ಆರು' ಅಂತ ಬರೆದೆ. ಚೆಂಡು ಹೊರಟ ತಕ್ಷಣ ಇಬ್ಬರು ಹಿಂದಕ್ಕೆ ಜಾರಿಕೊಂಡರು. ನುಗ್ಗಿದ್ದು ನಾಲ್ಕೇ. ಆಮೇಲಿಂದ ನಿಂತವರನ್ನು ಎಣಿಸುವುದು ಬಿಟ್ಟೆ. ಚೆಂಡು ಹೊರಟು ಒಂದು ಕ್ಷಣ ಆದ ಮೇಲೆ ವಿಡಿಯೊ ನಿಲ್ಲಿಸಿ, ಯಾರ ಕಾಲು ಮುಂದಕ್ಕೆ ಹೋಗ್ತಿದೆ ನೋಡಿ ಎಣಿಸಿದೆ.

ಸಮಯದ್ದು ಇನ್ನೂ ಕಷ್ಟ. ಫೋನಿನ ಸ್ಟಾಪ್‌ವಾಚ್ ಒತ್ತೋಕೆ ನನ್ನ ಹೆಬ್ಬೆರಳು ಯಾವಾಗಲೂ ತಡ. ಒಂದೇ ಆಟವನ್ನು ಮೂರು ಸಲ ಅಳೆದು, ನಡುವಿನ ಅಂಕಿ ಬರೆದುಕೊಂಡೆ. ಎರಡೂವರೆ ಸೆಕೆಂಡಿನ ಒಳಗೆ ಕೆಡವಿದರೆ ನುಗ್ಗಿದವರ ಲೆಕ್ಕ, ಮೂರು ದಾಟಿದರೆ ಕಾದವರ ಲೆಕ್ಕ ಅಂತ ನಾನೇ ಒಂದು ನಿಯಮ ಮಾಡಿಕೊಂಡೆ. ಭಾವ ಇದಕ್ಕೂ ತಕರಾರು ತೆಗೆದರು, ನಡುವಿನ ಅರ್ಧ ಸೆಕೆಂಡು ಯಾರಪ್ಪಂದು ಅಂತ.

ಆ ಅರ್ಧ ಸೆಕೆಂಡಿಗೋಸ್ಕರ ಐದನೇ ಅಂಕಣ ಎಳೆದೆ. ಇಡೀ ಕಸರತ್ತಿನಲ್ಲಿ ಕೆಲಸಕ್ಕೆ ಬಂದದ್ದು ಅದೇ. ಅದರ ಹೆಸರು 'ಕೈ'. ಕ್ವಾರ್ಟರ್‌ಬ್ಯಾಕ್ ಎಸೆಯಲು ಕೈ ಎತ್ತಿ, ಎಸೆಯದೆ ಇಳಿಸಿದನಾ? ಹೌದಾದರೆ ಅವನು ಮೊದಲು ನೋಡಿದ ಆಟಗಾರನನ್ನು ಯಾರೋ ಮುಚ್ಚಿದ್ದಾರೆ ಅಂತ. ನುಗ್ಗಿದವನಿಗೆ ಇನ್ನೊಂದು ಹೆಜ್ಜೆಗೆ ಟೈಮ್ ಸಿಕ್ಕಿದ್ದು ಅಲ್ಲಿ. ಇದನ್ನು ಗುರುತು ಹಾಕೋಕೆ ಶುರು ಮಾಡಿದ ಮೇಲೆ, ನಾನು 'ನುಗ್ಗಿದವರದ್ದು' ಅಂತ ಬರೆದಿದ್ದ ಎಷ್ಟೋ ಸಾಲುಗಳನ್ನು ಅಳಿಸಿ ಬರೆಯಬೇಕಾಯ್ತು. ಕೆಲವು ಉಲ್ಟಾನೂ ಆದವು, ಅದನ್ನೂ ಒಪ್ಪಿಕೊಳ್ಳಬೇಕಲ್ವಾ? ಹಿಂದೆ ಒಬ್ಬ ಪೂರ್ತಿ ಖಾಲಿ ಓಡ್ತಿದ್ದಾನೆ, ಆದರೆ ಕ್ವಾರ್ಟರ್‌ಬ್ಯಾಕ್ ತಲೆ ಎತ್ತುವ ಮೊದಲೇ ನಮ್ಮ ಮುಂದಿನ ಸಾಲಿನ ಜೇಲೆನ್ ಕಾರ್ಟರ್ ಅವನ ಎದೆ ಮೇಲಿದ್ದಾನೆ.

ಸ್ಯಾಕ್ ಕೆಡವಿದವನ ಹೆಸರಿಗೇ ಸೇರಬೇಕು ಅನ್ನುವುದು ಭಾವನ ಕೊನೆಯ ವಾದ. ನಾನು ದೆಹಲಿ ನೆನಪಿಸಿದೆ. 1999ರಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರು. ಹತ್ತನೆಯದು ಅವರಿಗೇ ಸಿಗಲಿ ಅಂತ ಇನ್ನೊಂದು ತುದಿಯಿಂದ ಶ್ರೀನಾಥ್ ಸ್ಟಂಪಿನಿಂದ ಆಚೆ ಚೆಂಡು ಹಾಕ್ತಿದ್ದರು. ಆ ಓವರ್ ಸ್ಕೋರ್‌ಕಾರ್ಡಿನಲ್ಲಿ ಏನಂತ ಇದೆ ಭಾವ? ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಅದು ಬೇರೆ" ಅಂದರು.

ಅಷ್ಟರಲ್ಲಿ ತಂಡವೂ ಬದಲಾಗಿತ್ತು. ಬಿಡುವಿನ ವಾರದ ನಂತರ ಹೊಸ ಹುಡುಗ ಕೂಪರ್ ಡಿಜೀನ್ ಒಳಗಿನ ಜಾಗ ಕಾಯಲು ಬಂದ. ಈಗಲ್ಸ್ ಸತತ ಹತ್ತು ಪಂದ್ಯ ಗೆದ್ದಿತು. ಬ್ಲಿಟ್ಜ್ ಜಾಸ್ತಿಯಾಗಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು, ನಾಲ್ಕು, ನಾಲ್ಕು ಅಂತಲೇ ಪುಟ ತುಂಬಿದೆ.

2025ರ ಫೆಬ್ರವರಿ 9ರ ಸೂಪರ್ ಬೌಲ್‌ಗೆ ಮತ್ತೆ ಅದೇ ಕ್ಯಾನ್ಸಸ್ ಸಿಟಿ, ಅದೇ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್. ಬ್ಲಿಟ್ಜ್ ಮಾಡಿದರೆ ಹಿಂದೆ ಖಾಲಿಯಾದ ಜಾಗವನ್ನು ಹುಡುಕಿ ಹೊಡೆಯುವ ಆಸಾಮಿ. ಫ್ಯಾಂಜಿಯೊ ಇಡೀ ಪಂದ್ಯದಲ್ಲಿ ಒಮ್ಮೆಯೂ ಬ್ಲಿಟ್ಜ್ ಮಾಡಿಸಲಿಲ್ಲ. ಸ್ಯಾಕ್ ಆರು! ಎದುರಿನ ಲೈನಿನವರು ಇಬ್ಬಿಬ್ಬರು ಸೇರಿ ಕಾರ್ಟರ್‌ನನ್ನು ತಡೆಯುತ್ತಿದ್ದರು, ಹಾಗಾಗಿ ಅಕ್ಕಪಕ್ಕದವರಿಗೆ ಒಬ್ಬೊಬ್ಬರೇ ಎದುರಾಳಿ. ಜಾಶ್ ಸ್ವೆಟ್ ಒಬ್ಬನೇ ಎರಡೂವರೆ ಸ್ಯಾಕ್ ತೆಗೆದ. ಅರ್ಧ ಪಂದ್ಯಕ್ಕೆ ಕ್ಯಾನ್ಸಸ್ ಸಿಟಿ ಮುಂದೆ ಹೋಗಿದ್ದು ಬರೀ 23 ಗಜ. ಕೊನೆಗೆ 40–22.

ಎರಡನೇ ಕ್ವಾರ್ಟರಿನಲ್ಲಿ ಒಂದರ ಹಿಂದೆ ಒಂದು ಎರಡು ಸ್ಯಾಕ್ ಬಿದ್ದವು. ಮುಂದಿನ ಆಟದಲ್ಲಿ ಮಹೋಮ್ಸ್ ಬಲಕ್ಕೆ ಓಡುತ್ತಾ ಎಸೆದ ಚೆಂಡನ್ನು ಡಿಜೀನ್ ಹಿಡಿದು 38 ಗಜ ಓಡಿ ಟಚ್‌ಡೌನ್ ಮಾಡಿದ. ಅವತ್ತು ಅವನಿಗೆ 22 ತುಂಬಿದ ಹುಟ್ಟುಹಬ್ಬ. ನಾನು ಕೂಗಿದೆ: "ನೋಡಿ ಭಾವ, ಕಾಯ್ತಾ ನಿಂತವನು!" ಭಾವ ಇನ್ನೂ ಜೋರಾಗಿ ಕೂಗಿದರು: "ಯಾಕೋ ಓಡ್ತಿದ್ದ ಅವ್ನು? ಹಿಂದಿನ ಎರಡು ಸಲ ಬಿದ್ದಿದ್ದಕ್ಕೆ!"

ಆ ಆಟವನ್ನು ಆಮೇಲೆ ಆಲ್-22ರಲ್ಲಿ ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ನೋಟ್‌ಬುಕ್ಕಿನ ಆ ಸಾಲಿನಲ್ಲಿ ನನ್ನ ನೀಲಿ ಪೆನ್ನಿನ 'ಕಾದವರದ್ದು' ಇದೆ. ಅದರ ಮೇಲೆ ಭಾವನ ಕೆಂಪು ಗೀಟು. ಆ ಗೀಟಿನ ಪಕ್ಕ ನಾನು ಮತ್ತೆ ನೀಲಿಯಲ್ಲಿ ಅದನ್ನೇ ಬರೆದಿದ್ದೇನೆ.